‘ಗ್ರೂಸಮ್’ ಪದದ ಬಗ್ಗೆ ಒಂದು ತಕರಾರು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಬರುವ ಇಂಗ್ಲಿಷ್ ಪದಗಳ ಅಂಕಣವನ್ನು ನಾನು ತಪ್ಪದೆ ಓದುತ್ತೇನೆ. ಕಳೆದ ಸಲ ಅದರಲ್ಲಿ ‘ಗ್ರೂಸಮ್’ ಬಂದಿತ್ತು. ಅರ್ಥ: ಭೀಕರ, ಭಯಾನಕ, ಘೋರ. ಸಮಾನ ಪದಗಳು: ಹಾರಿಬಲ್, ಟೆರಿಬಲ್, ಗ್ಯಾಸ್ಟ್ಲಿ, ಹಾರಿಫಿಕ್. ಅದರ ಕೆಳಗೆ, ‘ಇವುಗಳಲ್ಲಿ ಯಾವುದನ್ನು ಬೇಕಾದರೂ ಬಳಸಬಹುದು’ ಎಂದು ಒಂದು ಸಾಲು. ನನ್ನ ತಕರಾರು ಆ ಕೊನೆಯ ಸಾಲಿನ ಮೇಲೆ. ಯಾವುದನ್ನು ಬೇಕಾದರೂ ಬಳಸಲು ಬರುವುದಿಲ್ಲ.

ನಾನು ನಿವೃತ್ತಿಯಾಗುವ ತನಕ ನ್ಯಾಯಾಲಯದಲ್ಲಿ ಭಾಷಾಂತರಕಾರನ ಕೆಲಸ ಮಾಡಿದವನು. ಕನ್ನಡದ ಮಹಜರು, ದೂರು, ಸಾಕ್ಷಿ ಹೇಳಿಕೆಗಳನ್ನು ಇಂಗ್ಲಿಷಿಗೆ ತರುವುದು, ಇಂಗ್ಲಿಷಿನಲ್ಲಿರುವ ಕಾಗದಪತ್ರವನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಮೇಜಿನ ಮೇಲೆ ಬರುತ್ತಿದ್ದ ಕಡತಗಳಲ್ಲಿ ಜಮೀನಿನ ಜಗಳಗಳೇ ಜಾಸ್ತಿ. ಅವುಗಳ ನಡುವೆ ಕೊಲೆ, ಅಪಘಾತ, ಸುಟ್ಟಗಾಯದ ಕೇಸುಗಳೂ ಬರುತ್ತಿದ್ದವು. ಹೆದರಿಕೆ ಹುಟ್ಟಿಸುವ ಗುಣವಾಚಕಗಳ ಜೊತೆ ಸಂಬಳಕ್ಕಾಗಿ ಕೂತು ಗುದ್ದಾಡಿದವರು ಕಡಿಮೆ ಇರಬೇಕು. ಹಾಗಾಗಿ ಈ ಪತ್ರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

‘ಗ್ರೂಸಮ್’ ಎಂದು ಬರೆಯಬೇಕಾದರೆ ಎರಡು ಸಂಗತಿ ಇರಬೇಕು. ಕಣ್ಣಿಗೆ ಕಾಣುವ ಒಂದು ದೃಶ್ಯ ಇರಬೇಕು, ಇಲ್ಲವೇ ಓದಿದ ಕೂಡಲೇ ಅದು ಕಣ್ಣ ಮುಂದೆ ಬಂದು ನಿಲ್ಲಬೇಕು. ಆ ದೃಶ್ಯದಲ್ಲಿ ದೇಹ ಇರಬೇಕು. ರಕ್ತ, ಸೀಳಿದ ಗಾಯ, ಹೊರಬಂದ ಮೂಳೆ, ಕೊಳೆತ ಮಾಂಸ, ಹೀಗೆ ಏನಾದರೂ. ಇವೆರಡೂ ಇಲ್ಲದ ಕಡೆ ಈ ಪದ ಕೂರುವುದಿಲ್ಲ. ಇಂಗ್ಲಿಷಿನಲ್ಲಿ ಇದರ ಪಕ್ಕ ಯಾವ ನಾಮಪದಗಳು ಬರುತ್ತವೆ ನೋಡಿ: ಮರ್ಡರ್, ಡೀಟೇಲ್ಸ್, ಡಿಸ್ಕವರಿ, ಇಂಜುರಿ, ಫೋಟೋಗ್ರಾಫ್. ಭೂಕಂಪವನ್ನು ‘ಗ್ರೂಸಮ್ ಅರ್ತ್‌ಕ್ವೇಕ್’ ಎಂದು ಯಾರೂ ಬರೆಯುವುದಿಲ್ಲ. ಅಲ್ಲಿ ಸಾವಿರಾರು ಜನ ಸತ್ತಿದ್ದರೂ ಬರೆಯುವುದಿಲ್ಲ. ಆದರೆ ಅವಶೇಷ ತೆಗೆಯುವಾಗ ಸಿಕ್ಕಿದ್ದನ್ನು ವಿವರಿಸುವ ಒಂದು ಪ್ಯಾರಾದಲ್ಲಿ ಈ ಪದ ಸರಿಯಾಗಿ ಕೂತೀತು.

ನಿದ್ದೆಯಲ್ಲಿದ್ದ ಒಬ್ಬ ಮುದುಕನಿಗೆ ವಿಷ ಹಾಕಿ ಕೊಂದರು ಅನ್ನಿ. ಆಸ್ತಿಗಾಗಿ, ಸ್ವಂತ ಮಕ್ಕಳೇ. ಅದು ಕ್ರೂರ, ನೀಚ, ಹಾರಿಬಲ್, ಏನು ಬೇಕಾದರೂ ಅನ್ನಿ. ಗ್ರೂಸಮ್ ಮಾತ್ರ ಅನ್ನುವ ಹಾಗಿಲ್ಲ. ಮುದುಕ ಮಲಗಿದಂತೆಯೇ ಇದ್ದಾನೆ. ಇನ್ನೊಂದು ಕಡೆ, ಯಾರ ತಪ್ಪೂ ಇಲ್ಲದೆ ಯಂತ್ರಕ್ಕೆ ಕೈ ಸಿಕ್ಕಿಕೊಂಡು ನುಜ್ಜುಗುಜ್ಜಾಯಿತು. ಮನುಷ್ಯ ಬದುಕಿಕೊಂಡ. ಅದು ಗ್ರೂಸಮ್. ಅಂದರೆ ಈ ಪದ ಅಪರಾಧದ ದೊಡ್ಡತನ ಅಳೆಯುವುದಿಲ್ಲ. ದುಃಖವನ್ನೂ ಅಳೆಯುವುದಿಲ್ಲ. ನೋಡಿದವರ ಮೈಗೆ ಏನಾಯಿತು ಅನ್ನುವುದನ್ನಷ್ಟೇ ಹೇಳುತ್ತದೆ. ಅಂಕಣದಲ್ಲಿ ಬಿಟ್ಟುಹೋಗಿದ್ದು ಇದೇ.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಹೇಳುತ್ತಿದ್ದ ಒಂದು ಉಪಾಯ ಇದೆ. ಆ ದೃಶ್ಯದ ಫೋಟೊ ಪತ್ರಿಕೆಗೆ ಬಂದರೆ ಅದನ್ನು ಮಸುಕು ಮಾಡಿ ಹಾಕಬೇಕಾಗುತ್ತದಾ? ಹೌದು ಅನ್ನಿಸಿದರೆ ಗ್ರೂಸಮ್. ಮಸುಕು ಮಾಡುವಂಥದ್ದು ಏನೂ ಇಲ್ಲದಿದ್ದರೆ ಬೇರೆ ಪದ ಹುಡುಕಿ.

ಇದನ್ನೆಲ್ಲ ಸುಮ್ನೆ ನಿಘಂಟಿನ ಕಚ್ಚಾಟ ಅಂದುಕೊಳ್ಳಬೇಡಿ. ಒಂದು ಕೊಲೆ ಕೇಸಿನ ವಿಚಾರಣೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಸಾಕ್ಷಿ ಒಬ್ಬ ಹೆಂಗಸು. ಪಕ್ಕದ ಮನೆಯ ಬಾಗಿಲು ತೆರೆದಿತ್ತು, ಒಳಗೆ ಹೋದೆ ಎಂದಳು. ‘ಏನು ನೋಡಿದಿರಿ?’ ಎಂದು ಸರ್ಕಾರಿ ವಕೀಲರು ಕೇಳಿದರು. ಆಕೆ ಸೆರಗು ಬಾಯಿಗೆ ಒತ್ತಿಕೊಂಡು, ‘ನೋಡೋಕಾಗ್ಲಿಲ್ಲ ಸಾರ್’ ಎಂದಳು. ಅಷ್ಟೇ. ಹೇಳಿಕೆ ಇಂಗ್ಲಿಷಿನಲ್ಲಿ ದಾಖಲಾಗುತ್ತಿತ್ತು. ಬರೆಸಿದ್ದು ಹೀಗೆ: ‘ಇಟ್ ವಾಸ್ ಎ ಗ್ರೂಸಮ್ ಸೈಟ್.’

ಪಾಟೀಸವಾಲಿನ ದಿನ ಆರೋಪಿಯ ಪರ ವಕೀಲರು ಆ ಒಂದು ಪದವನ್ನು ಹಿಡಿದುಕೊಂಡರು. ಗ್ರೂಸಮ್ ಅಂತ ಹೇಳಿದ್ದೀರಿ, ಹಾಗಾದರೆ ಹತ್ತಿರ ಹೋಗಿ ಗಾಯಗಳನ್ನು ನೋಡಿದಿರಿ, ಅಲ್ವಾ? ಎಷ್ಟು ಗಾಯ? ಯಾವ ಭಾಗದಲ್ಲಿ? ರಕ್ತ ಹಸಿಯಾಗಿತ್ತಾ, ಒಣಗಿತ್ತಾ? ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ನಾನು ಬಾಗಿಲಲ್ಲೇ ತಿರುಗಿಬಿಟ್ಟೆ ಸಾರ್, ನೋಡೋಕಾಗ್ಲಿಲ್ಲ ಅಂತ ಅವತ್ತೇ ಹೇಳಿದ್ನಲ್ಲ’ ಎಂದಳು. ಮೊದಲು ಕೊಟ್ಟ ಹೇಳಿಕೆಗೂ ಈಗ ಹೇಳುತ್ತಿರುವುದಕ್ಕೂ ವ್ಯತ್ಯಾಸ ಇದೆ ಎಂದು ವಕೀಲರು ವಾದ ಶುರು ಮಾಡಿದರು. ಅವರ ದೃಷ್ಟಿಯಿಂದ ತಪ್ಪೇನೂ ಇಲ್ಲ. ಕಾಗದದ ಮೇಲೆ ಇದ್ದದ್ದು ಗ್ರೂಸಮ್. ಆ ಪದ ಹೇಳುವುದು ನೋಡಿದವಳ ಮಾತನ್ನು. ಆಕೆ ಆಡಿದ್ದು ನೋಡಲಾರದವಳ ಮಾತನ್ನು.

‘ನೋಡೋಕಾಗ್ಲಿಲ್ಲ’ ಅನ್ನುವ ಕನ್ನಡ ಎಷ್ಟು ಚಂದದ ಕನ್ನಡ ಅಂದರೆ, ಅದರಲ್ಲಿ ಎರಡೂ ಇದೆ. ನೋಡಿದೆ, ತಡೆಯಲಾಗಲಿಲ್ಲ ಅಂತಲೂ ಆಗುತ್ತದೆ. ನೋಡದೆ ತಿರುಗಿದೆ ಅಂತಲೂ ಆಗುತ್ತದೆ. ಇಂಗ್ಲಿಷಿನಲ್ಲಿ ‘ಐ ಕುಡ್ ನಾಟ್ ಲುಕ್’ ಎಂದು ಬರೆಸಿದ್ದರೆ ಮುಗಿದುಹೋಗುತ್ತಿತ್ತು. ಕೊನೆಗೆ ಆಕೆಯ ಕನ್ನಡ ಮಾತನ್ನು ಇದ್ದ ಹಾಗೇ ದಾಖಲಿಸಲು ನ್ಯಾಯಾಧೀಶರು ಹೇಳಿದರು. ಆ ವೇಳೆಗೆ ಆಕೆ ಕಟಕಟೆಯಲ್ಲಿ ನಿಂತು ಸಾಕಾಗಿದ್ದಳು. ಹಾರಿಬಲ್ ಎಂದು ಬರೆಸಿದ್ದರೂ ಇಷ್ಟು ತೊಂದರೆ ಆಗುತ್ತಿರಲಿಲ್ಲ. ಹಾರಿಬಲ್ ಅಂದರೆ ಮನಸ್ಸಿಗೆ ಆದ ಆಘಾತ. ಅದಕ್ಕೆ ಗಾಯ ಎಣಿಸಬೇಕಾಗಿಲ್ಲ.

ಪದದ ಹುಟ್ಟನ್ನು ನೋಡಿದರೂ ಮೈಯ ಕಥೆಯೇ ಸಿಗುತ್ತದೆ. ಉತ್ತರ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ‘ಗ್ರೂ’ ಎಂಬ ಕ್ರಿಯಾಪದ ಇತ್ತು. ನಡುಗು, ಮೈ ಜುಮ್ಮೆನ್ನು ಎಂದು ಅರ್ಥ. ಅದಕ್ಕೆ ‘ಸಮ್’ ಸೇರಿತು. ಟ್ರಬಲ್‌ಸಮ್, ಟಯರ್‌ಸಮ್ ಪದಗಳಲ್ಲಿ ಇರುವುದು ಅದೇ ‘ಸಮ್’. ಆದ್ದರಿಂದ ಉಚ್ಚಾರಣೆ ಗ್ರೂಸಮ್. ಗ್ರೂಸೋಮ್ ಅಲ್ಲ. ಹದಿನಾರನೇ ಶತಮಾನದಿಂದಲೇ ಪದ ಬರಹದಲ್ಲಿ ಕಾಣುತ್ತದೆ. ಆದರೆ ತುಂಬ ಕಾಲ ಅದು ಉತ್ತರದವರ ಪದವಾಗಿಯೇ ಇತ್ತು. ಇಡೀ ಇಂಗ್ಲಿಷ್ ಓದುಗರ ಬಾಯಿಗೆ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಸರ್ ವಾಲ್ಟರ್ ಸ್ಕಾಟ್ ಅವರ ಕಾದಂಬರಿಗಳ ಜನಪ್ರಿಯತೆಯಿಂದ. ಈರಿ, ಅನ್‌ಕ್ಯಾನಿ ಪದಗಳೂ ಅದೇ ಕಡೆಯಿಂದ ಬಂದವು. ಅಷ್ಟೊಂದು ನಡುಕದ ಪದಗಳು ಒಂದೇ ದಿಕ್ಕಿನಿಂದ ಯಾಕೆ ಬಂದವೋ. ಅಲ್ಲಿ ಚಳಿ ಜಾಸ್ತಿ ಎಂದು ನನ್ನ ಸ್ನೇಹಿತರೊಬ್ಬರು ತಮಾಷೆ ಮಾಡುತ್ತಿದ್ದರು.

ಜರ್ಮನ್ ಭಾಷೆಯಲ್ಲಿ ಇದರ ಒಡಹುಟ್ಟು ‘ಗ್ರೌಸಾಮ್’. ಅರ್ಥ ಮಾತ್ರ ಬೇರೆ: ಕ್ರೂರ. ಜರ್ಮನ್ನರು ಅದನ್ನು ಮನುಷ್ಯನಿಗೆ ಹೇಳುತ್ತಾರೆ, ಕ್ರೂರ ದೊರೆ ಅನ್ನುವ ಹಾಗೆ. ಇಂಗ್ಲಿಷಿನವರು ಒಬ್ಬ ಮನುಷ್ಯನನ್ನು ಗ್ರೂಸಮ್ ಎಂದು ಕರೆಯುವುದು ಅಪರೂಪ. ಮಾಡಿದವನ ಗುಣ ಅಲ್ಲಿ, ಉಳಿದ ದೃಶ್ಯದ ಗುಣ ಇಲ್ಲಿ. ಒಂದೇ ಬೇರಿನ ಪದಗಳು ಹೀಗೆ ಎರಡು ದಾರಿ ಹಿಡಿದಿವೆ.

ಹೆದರಿಕೆ ಮತ್ತು ಗ್ರೂಸಮ್ ಹುಟ್ಟಿಸುವ ಭಾವದ ನಡುವಿನ ಅಂತರವನ್ನು ಇಂಗ್ಲಿಷ್ ಕಾದಂಬರಿಕಾರ್ತಿ ಆ್ಯನ್ ರ‍್ಯಾಡ್‌ಕ್ಲಿಫ್ ಬಹಳ ಹಿಂದೆಯೇ ಗುರುತಿಸಿದ್ದರು. ಆಕೆ ತೀರಿಕೊಂಡ ಮೇಲೆ, 1826ರಲ್ಲಿ, ಆಕೆಯ ಒಂದು ಲೇಖನ ಅಚ್ಚಾಯಿತು. ಟೆರರ್ ಮತ್ತು ಹಾರರ್ ಎರಡೂ ಒಂದಕ್ಕೊಂದು ವಿರುದ್ಧ ಎಂದು ಅದರಲ್ಲಿ ವಾದ ಇದೆ. ಟೆರರ್ ಮನಸ್ಸನ್ನು ಹಿಗ್ಗಿಸಿ ಎಚ್ಚರಗೊಳಿಸುತ್ತದೆ, ಹಾರರ್ ಕುಗ್ಗಿಸಿ ಮರಗಟ್ಟಿಸುತ್ತದೆ ಎಂಬುದು ಅದರ ಸಾರ. ಮುಂದೆ ಏನೋ ಕಾದಿದೆ, ಏನೆಂದು ಗೊತ್ತಿಲ್ಲ ಅನ್ನುವಾಗ ಆಗುವುದು ಟೆರರ್. ಈ ಲೆಕ್ಕದಲ್ಲಿ ಗ್ರೂಸಮ್ ಹಾರರ್‌ನ ಆಚೆಯ ತುದಿಯಲ್ಲಿದೆ. ಅಲ್ಲಿ ಊಹೆಗೆ ಏನೂ ಉಳಿದಿಲ್ಲ. ಎಲ್ಲ ಎದುರಿಗೇ ಇದೆ.

ವೈದ್ಯರನ್ನು ಕೇಳಿದರೂ ಈ ಅಂತರ ಹೇಳುತ್ತಾರೆ. ಹೆದರಿಕೆಯಾದಾಗ ಎದೆ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ, ಮೈ ಓಡಲು ಸಿದ್ಧವಾಗುತ್ತದೆ. ರಕ್ತ, ಗಾಯ ನೋಡಿದರೆ ಕೆಲವರಿಗೆ ಇದರ ತದ್ವಿರುದ್ಧ ಆಗುತ್ತದೆ. ಮೊದಲು ಏರಿದ ಒತ್ತಡ ದಡಕ್ಕನೆ ಇಳಿಯುತ್ತದೆ. ಕಣ್ಣು ಕತ್ತಲೆ ಬಂದು ಕುಸಿಯುತ್ತಾರೆ. ಹಾವಿಗೋ ಎತ್ತರಕ್ಕೋ ಹೆದರುವವರು ಹೀಗೆ ಮೂರ್ಛೆ ಹೋಗುವುದು ಕಡಿಮೆ. ನಮ್ಮ ಕಚೇರಿಗೆ ಹೊಸದಾಗಿ ಬಂದ ಗುಮಾಸ್ತನೊಬ್ಬ ಇದ್ದ. ರಾತ್ರಿ ಒಬ್ಬನೇ ರೆಕಾರ್ಡ್ ರೂಮಿಗೆ ಹೋಗಿಬರುವ ಧೈರ್ಯದ ಹುಡುಗ. ಒಂದು ಕಡತದಲ್ಲಿದ್ದ ಫೋಟೊಗಳಿಗೆ ನಂಬರ್ ಹಾಕಲು ಕೊಟ್ಟರೆ ಎರಡನೆಯದಕ್ಕೇ ಕುರ್ಚಿಯಿಂದ ಜಾರಿದ. ಅವನು ಹೆದರುಪುಕ್ಕಲ ಅಂತ ಹೇಳಿದರೆ ಅನ್ಯಾಯ. ಆ ಫೋಟೊಗಳು ಗ್ರೂಸಮ್ ಆಗಿದ್ದವು.

ಇನ್ನು ಅಂಕಣದವರು ಕೊಟ್ಟ ಸಮಾನ ಪದಗಳಿಗೆ ಬರೋಣ. ‘ಗ್ಯಾಸ್ಟ್ಲಿ’ಯ ಮೂಲ ಅರ್ಥ ಹೆದರಿಸುವಂಥದ್ದು ಎಂದೇ. ಅದರ ಕಾಗುಣಿತದಲ್ಲಿ ‘ಎಚ್’ ಬಂದು ಸೇರಿದ್ದು ಘೋಸ್ಟ್ ಪದದ ಜೊತೆ ಜನ ಗೊಂದಲ ಮಾಡಿಕೊಂಡದ್ದರಿಂದ. ಹೆಣದಂತೆ ಬಿಳಿಚಿಕೊಂಡದ್ದು ಎಂಬ ಅರ್ಥವೂ ಅದಕ್ಕೆ ಅಂಟಿಕೊಂಡಿದೆ. ಬ್ರಿಟನ್ನಿನ ಮಾತಿನಲ್ಲಿ ಕೆಟ್ಟ ಹವಾಮಾನ, ಕೆಟ್ಟ ಗೋಡೆ ಬಣ್ಣ ಕೂಡ ಗ್ಯಾಸ್ಟ್ಲಿ. ಗೋಡೆ ಬಣ್ಣವನ್ನು ಗ್ರೂಸಮ್ ಎಂದರೆ ನಗುತ್ತಾರೆ. ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಇಂಗ್ಲಿಷ್ ಪದ ‘ಗೋರಿ’, ಅಂದರೆ ರಕ್ತಸಿಕ್ತ. ಅದಕ್ಕೆ ರಕ್ತ ಇದ್ದರೆ ಸಾಕು, ಕುಸ್ತಿಯಲ್ಲಿ ಮೂಗೊಡೆದುಕೊಂಡರೂ ನಡೆಯುತ್ತದೆ.

‘ಮಕಾಬ್ರ’ ಪದದ್ದು ಇನ್ನೊಂದೇ ಲೋಕ. 1347ರಿಂದ ಯುರೋಪಿನಲ್ಲಿ ಪ್ಲೇಗ್ ಮಾರಿ ಹಬ್ಬಿ ಜನ ಲೆಕ್ಕವಿಲ್ಲದಷ್ಟು ಸತ್ತರು. ಅದಾದ ಮುಂದಿನ ಕಾಲದಲ್ಲಿ ‘ದಾನ್ಸ್ ಮಕಾಬ್ರ’, ಅಂದರೆ ಸಾವಿನ ಕುಣಿತದ ಚಿತ್ರಗಳು ಬಂದವು. 1424–25ರಲ್ಲಿ ಪ್ಯಾರಿಸ್ಸಿನ ಒಂದು ಸ್ಮಶಾನದ ಗೋಡೆಯ ಮೇಲೆ ಅಂಥ ಚಿತ್ರಗಳ ಸಾಲೇ ಇತ್ತು. ಸತ್ತವರು ರಾಜ, ಪಾದ್ರಿ, ರೈತ ಎಲ್ಲರ ಕೈ ಹಿಡಿದು ಕುಣಿಸುತ್ತಾ ಕರೆದೊಯ್ಯುವ ಚಿತ್ರ. ಮಕಾಬ್ರದಲ್ಲಿ ಸಾವಿನ ಜೊತೆ ಒಂದು ಆಟ ಇರುತ್ತದೆ, ವಕ್ರವಾದ ನಗು ಇರುತ್ತದೆ. ಗ್ರೂಸಮ್‌ನಲ್ಲಿ ನಗು ಇಲ್ಲವೇ ಇಲ್ಲ.

ನಿಜವಾಗಿ ಗ್ರೂಸಮ್‌ಗೆ ತೀರ ಹತ್ತಿರದ ಪದ ‘ಗ್ರಿಸ್ಲಿ’. ಅದನ್ನೇ ಅಂಕಣದವರು ಬಿಟ್ಟಿದ್ದಾರೆ. ಎರಡನ್ನೂ ಒಂದರ ಬದಲು ಒಂದು ಬಳಸಿದರೆ ನಾನು ತಕರಾರು ತೆಗೆಯುವುದಿಲ್ಲ. ಆದರೆ ಕಾಗುಣಿತದಲ್ಲಿ ಎಚ್ಚರ ಬೇಕು. ಅದರ ‘ಎಸ್’ ಬದಲು ‘ಝಡ್’ ಎರಡು ಸಲ ಹಾಕಿ ಬರೆದರೆ ಅದು ಕರಡಿ. ಆ ಕರಡಿಯ ಹೆಸರು ಬಂದದ್ದು ಬೂದು ಬಣ್ಣ ಎಂಬ ಅರ್ಥದ ಫ್ರೆಂಚ್ ಪದದಿಂದ, ಅದರ ತುಪ್ಪಳದ ತುದಿ ಬೂದು ಬಣ್ಣದ್ದಾಗಿರುವುದರಿಂದ. 1815ರಲ್ಲಿ ಅಮೆರಿಕದ ಜಾರ್ಜ್ ಓರ್ಡ್ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟಾಗ ‘ಉರ್ಸುಸ್ ಹೊರಿಬಿಲಿಸ್’ ಎಂದು ಕರೆದರು. ಹಾರಿಬಲ್ ಕರಡಿ! ಇವತ್ತಿಗೂ ಅದರ ಉಪಜಾತಿಯ ಹೆಸರಿನಲ್ಲಿ ಆ ಹೊರಿಬಿಲಿಸ್ ಉಳಿದಿದೆ. ಪಾಪದ ಪ್ರಾಣಿ.

ಹಾರಿಬಲ್ ಪದಕ್ಕೆ ಮಾತ್ರ ಆ ಗಾಂಭೀರ್ಯ ಉಳಿಯಲಿಲ್ಲ. ಲ್ಯಾಟಿನ್ನಿನ ‘ಹೊರ‍್ರೇರೆ’ ಅಂದರೆ ಕೂದಲು ನೆಟ್ಟಗಾಗು, ನಡುಗು. ಭಾಷಾ ವಿದ್ವಾಂಸರು ನಮ್ಮ ‘ಹರ್ಷ’ವನ್ನೂ ಅದೇ ಬೇರಿಗೆ ಸೇರಿಸುತ್ತಾರೆ. ಮೊದಲ ಸಲ ಓದಿದಾಗ ನನಗೆ ನಂಬಿಕೆ ಬರಲಿಲ್ಲ. ಹಾರರ್ ಎಲ್ಲಿ, ಹರ್ಷ ಎಲ್ಲಿ? ಆಮೇಲೆ ಗೀತೆ ನೆನಪಾಯಿತು. ಮೊದಲ ಅಧ್ಯಾಯದಲ್ಲಿ ಅರ್ಜುನ ‘ರೋಮಹರ್ಷಶ್ಚ ಜಾಯತೇ’ ಎನ್ನುವುದು ಮೈ ನಡುಗಿ, ಬಾಯಿ ಒಣಗಿ ಕುಸಿಯುವಾಗ. ಕೊನೆಯ ಅಧ್ಯಾಯದಲ್ಲಿ ಸಂಜಯ ‘ರೋಮಹರ್ಷಣಮ್’ ಎನ್ನುವುದು ಆನಂದದಿಂದ. ರೋಮಕ್ಕೆ ಎರಡೂ ಒಂದೇ. ಕೂದಲ ಬುಡದಲ್ಲಿರುವ ಸಣ್ಣ ಸ್ನಾಯು ಬಿಗಿದರೆ ಕೂದಲು ಏಳುತ್ತದೆ, ಕಾರಣ ಅದಕ್ಕೆ ಬೇಕಿಲ್ಲ. ನಮ್ಮ ‘ನವಿರೇಳಿಸುವ’ ಕೂಡ ಹೀಗೆಯೇ. ಕ್ರಿಕೆಟ್ ಪಂದ್ಯದ ವರದಿಯಲ್ಲೂ ಬರುತ್ತದೆ, ದೆವ್ವದ ಕಥೆಯ ಜಾಹೀರಾತಿನಲ್ಲೂ ಬರುತ್ತದೆ.

ಆದರೆ ಬಳಸಿ ಬಳಸಿ ಹಾರಿಬಲ್ ಸವೆದುಹೋಯಿತು. ತಲೆನೋವು ಹಾರಿಬಲ್, ಕೈಬರಹ ಹಾರಿಬಲ್, ಟ್ರಾಫಿಕ್ ಹಾರಿಬಲ್. ಟೆರಿಬಲ್ ಕಥೆಯೂ ಅಷ್ಟೇ. ಅದರ ತಮ್ಮ ಟೆರಿಫಿಕ್ ಅಂತೂ ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಪಕ್ಷವನ್ನೇ ಬದಲಿಸಿ ‘ತುಂಬ ಚೆನ್ನಾಗಿದೆ’ ಎಂಬ ಅರ್ಥಕ್ಕೆ ಹೋಯಿತು. ಇಂಗ್ಲಿಷ್ ಪತ್ರಿಕೆಗಳು ದೊಡ್ಡ ಅಪಘಾತಕ್ಕೆ ಹಾರಿಬಲ್ ಬಿಟ್ಟು ಹಾರಿಫಿಕ್ ಬರೆಯುವುದು ಇದಕ್ಕೇ. ಹಾರಿಬಲ್ ಎಂದರೆ ಈಗ ಯಾರೂ ತಲೆ ಎತ್ತಿ ನೋಡುವುದಿಲ್ಲ.

ನಾವೂ ಅದೇ ಮಾಡಿದ್ದೇವೆ. ‘ಭಯಂಕರ ಚೆನ್ನಾಗಿದೆ’ ಎಂದು ದಿನಾ ಹೇಳುತ್ತೇವೆ. ‘ಅವನು ಭಯಂಕರ ಬುದ್ಧಿವಂತ’ ಎನ್ನುತ್ತೇವೆ. ಭಯಂಕರ ಹೋದ ಮೇಲೆ ಸುದ್ದಿಯ ಭಾರ ಎಲ್ಲ ಭೀಕರದ ಮೇಲೆ ಬಿತ್ತು. ಭೀಕರ ಅಪಘಾತ, ಭೀಕರ ಬರ, ಭೀಕರ ಕೊಲೆ, ಭೀಕರ ಬೆಂಕಿ. ನಿಮ್ಮ ಪತ್ರಿಕೆಯ ಒಂದೇ ಪುಟದಲ್ಲಿ ಮೂರು ಭೀಕರ ನೋಡಿದ್ದೇನೆ. ಅದರಲ್ಲಿ ಒಂದು ಅಪಘಾತದಲ್ಲಿ ಯಾರಿಗೂ ದೊಡ್ಡ ಗಾಯ ಆಗಿರಲಿಲ್ಲ! ಇನ್ನು ಸ್ವಲ್ಪ ದಿನಕ್ಕೆ ‘ಭೀಕರ ಚೆನ್ನಾಗಿದೆ’ ಎಂದು ಮಕ್ಕಳು ಹೇಳಿದರೆ ನನಗೆ ಆಶ್ಚರ್ಯ ಆಗುವುದಿಲ್ಲ.

ಇಷ್ಟೆಲ್ಲ ಸವೆತದ ನಡುವೆ ಗ್ರೂಸಮ್ ಹೆಚ್ಚು ಸವೆದಿಲ್ಲ. ‘ಗ್ರೂಸಮ್ ಟೂಸಮ್’ ಎಂದು ಜೋಡಿಯೊಂದನ್ನು ಹಾಸ್ಯ ಮಾಡುವುದುಂಟು, ಅದು ಪ್ರಾಸದ ಆಸೆಗೆ. ಉಳಿದಂತೆ ಅದರ ಅಂಚು ಹರಿತವಾಗಿಯೇ ಇದೆ. ಕಾರಣ ಅದಕ್ಕೆ ದೇಹ ಬೇಕು. ತಲೆನೋವಿಗೂ ಟ್ರಾಫಿಕ್‌ಗೂ ಅದನ್ನು ಎಳೆದು ತರಲು ಆಗುವುದಿಲ್ಲ. ಅಂಥ ಪದವನ್ನು ‘ಯಾವುದನ್ನು ಬೇಕಾದರೂ ಬಳಸಿ’ ಎಂದು ಮಕ್ಕಳಿಗೆ ಕಲಿಸಿದರೆ ಅದರ ಅಂಚನ್ನೂ ನಾವೇ ಮೊಂಡು ಮಾಡಿದ ಹಾಗೆ.

ಹಾಗಾದರೆ ಕನ್ನಡದಲ್ಲಿ ಏನು ಹೇಳೋಣ? ಭಾರ ಹೊರಲು ಒಂದು ಪದ ಇದೆ: ಬೀಭತ್ಸ. ನಾಟ್ಯಶಾಸ್ತ್ರದ ಎಂಟು ರಸಗಳಲ್ಲಿ ಭಯಾನಕ ಬೇರೆ, ಬೀಭತ್ಸ ಬೇರೆ. ಭಯಾನಕದ ಬುಡದಲ್ಲಿರುವ ಭಾವ ಭಯ. ಬೀಭತ್ಸದ ಬುಡದಲ್ಲಿರುವುದು ಜುಗುಪ್ಸೆ. ಎರಡಕ್ಕೂ ಬಣ್ಣವೂ ಬೇರೆ: ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲಿ. ಬೀಭತ್ಸದಲ್ಲೇ ಮತ್ತೆ ಒಳಭೇದ ಮಾಡಿದ್ದಾರೆ. ರಕ್ತ ಮುಂತಾದವನ್ನು ಕಂಡು ಹುಟ್ಟುವುದು ಕ್ಷೋಭಜ. ಹುಳ, ಮಲ ಕಂಡು ಹುಟ್ಟುವುದು ಉದ್ವೇಗಿ. ಗ್ರೂಸಮ್ ಅಂದರೆ ಸರಿಸುಮಾರು ಆ ಕ್ಷೋಭಜ ಬೀಭತ್ಸ. ಇಂಗ್ಲಿಷಿನ ಡಿಸ್ಗಸ್ಟಿಂಗ್ ಆ ಉದ್ವೇಗಿಯ ಕಡೆಗೆ ವಾಲುತ್ತದೆ. ಅಂಕಣದಲ್ಲಿ ಭಯಾನಕ ಎಂದು ಕೊಟ್ಟು ಬೀಭತ್ಸ ಬಿಟ್ಟದ್ದು ನನಗೆ ಅರ್ಥವಾಗಲಿಲ್ಲ.

ಆದರೂ ಒಂದು ಮಾತು. ಬೀಭತ್ಸ ಸ್ವಲ್ಪ ಪುಸ್ತಕದ ಪದ. ಸುದ್ದಿಯ ತಲೆಬರಹದಲ್ಲಿ ನಡೆದೀತು, ಸಾಕ್ಷಿಯ ಬಾಯಲ್ಲಿ ನಡೆಯುವುದಿಲ್ಲ. ನಮ್ಮ ಜನ ಇಂಥದ್ದನ್ನು ಗುಣವಾಚಕದಲ್ಲಿ ಹೇಳುವುದೇ ಕಡಿಮೆ, ಮೈಗೆ ಆದದ್ದನ್ನು ಹೇಳುತ್ತಾರೆ. ಮೈ ಜುಮ್ ಅಂತು. ಹೊಟ್ಟೆ ತೊಳಸಿದ ಹಾಗಾಯ್ತು. ಎದೆ ಧಸಕ್ಕೆಂತು. ಕಣ್ಣಿಂದ ನೋಡೋ ಹಂಗಿರ್ಲಿಲ್ಲ. ಸಾಕ್ಷಿ ಕಟ್ಟೆಯಲ್ಲಿ ನಾನು ಕೇಳಿದ್ದು ಇಂಥ ಮಾತುಗಳನ್ನೇ. ಇವುಗಳಲ್ಲಿ ‘ಹೊಟ್ಟೆ ತೊಳಸಿದ ಹಾಗಾಯ್ತು’ ಬಂದರೆ ಗ್ರೂಸಮ್ ಬರೆಯಲು ನನ್ನ ಕೈ ಒಪ್ಪುತ್ತಿತ್ತು. ‘ಎದೆ ಧಸಕ್ಕೆಂತು’ ಬಂದರೆ ಒಪ್ಪುತ್ತಿರಲಿಲ್ಲ. ಅದು ಹೆದರಿಕೆ. ‘ಕರುಳು ಹಿಂಡಿದ ಹಾಗಾಯ್ತು’ ಅಂತೂ ಪೂರ್ತಿ ಕರುಣೆಯ ಮಾತು. ಅದನ್ನು ಯಾರೋ ಗ್ರೂಸಮ್ ಎಂದು ಅನುವಾದಿಸಿದ್ದನ್ನೂ ಕಂಡಿದ್ದೇನೆ. ಕರುಳು ಎಂದ ಕೂಡಲೇ ಹೊಟ್ಟೆ ಸೀಳಿತು ಅಂದುಕೊಂಡರೋ ಏನೋ!

ನ್ಯಾಯಾಲಯಗಳು ಈ ಪದವನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತವೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಕೊಡುತ್ತೇನೆ. ಅಲ್ಲಿ ಕೊಲೆ ಕೇಸಿನ ತೀರ್ಮಾನ ಸಾಮಾನ್ಯವಾಗಿ ಜ್ಯೂರಿಯ ಕೈಯಲ್ಲಿರುತ್ತದೆ. ಜ್ಯೂರಿಯವರು ಸಾಮಾನ್ಯ ಜನ. ಹೆಣದ ಫೋಟೊ ತೋರಿಸಿದರೆ ಅವರು ಸಿಟ್ಟಿಗೆದ್ದು ಎದುರಿಗೆ ಕೂತ ಆರೋಪಿಯೇ ಮಾಡಿದ್ದು ಎಂದು ತೀರ್ಮಾನಿಸಿಬಿಟ್ಟರೆ? ಹಾಗಾಗಿ ‘ಗ್ರೂಸಮ್ ಫೋಟೋಗ್ರಾಫ್ಸ್’ ಎಂದೇ ಅಲ್ಲಿ ವಾದ ನಡೆಯುತ್ತದೆ. 1975ರಲ್ಲಿ ಜಾರಿಗೆ ಬಂದ ಅಲ್ಲಿನ ಫೆಡರಲ್ ಸಾಕ್ಷ್ಯ ನಿಯಮಗಳಲ್ಲಿ 403ನೇ ನಿಯಮ ಹೀಗಿದೆ: ಒಂದು ಸಾಕ್ಷ್ಯದಿಂದ ಆಗುವ ಉಪಯೋಗಕ್ಕಿಂತ ಅನ್ಯಾಯವಾಗಿ ಮನಸ್ಸು ಕೆಡಿಸುವ ಅಪಾಯ ಬಹಳ ಹೆಚ್ಚಾಗಿದ್ದರೆ ನ್ಯಾಯಾಧೀಶರು ಅದನ್ನು ಹೊರಗಿಡಬಹುದು. ಫೋಟೊ ಗ್ರೂಸಮ್ ಆಗಿದೆ ಅನ್ನುವುದೊಂದೇ ಅದನ್ನು ತಡೆಯಲು ಸಾಕಾಗುವುದಿಲ್ಲ. ಏನನ್ನಾದರೂ ಸಾಬೀತು ಮಾಡುತ್ತದಾ ಎಂದು ತೂಗಿ ನೋಡುತ್ತಾರೆ. ಎಷ್ಟೋ ಸಲ ಫೋಟೊಗೆ ಒಪ್ಪಿಗೆಯೂ ಸಿಗುತ್ತದೆ. ನನಗೆ ಇಷ್ಟವಾದದ್ದು ಆ ತೂಗುವಿಕೆ. ಈ ದೃಶ್ಯ ನೋಡಿದವರ ಮನಸ್ಸು ಮೊದಲಿನಂತೆ ಇರುವುದಿಲ್ಲ ಎಂದು ಅವರು ಒಪ್ಪಿಕೊಂಡು ಮುಂದಿನ ಮಾತಾಡುತ್ತಾರೆ.

ಇದಕ್ಕೆ ವಿರುದ್ಧ ತುದಿಯಲ್ಲಿರುವುದು ಶವಪರೀಕ್ಷೆಯ ವರದಿ. ನಾನು ಅನುವಾದ ಮಾಡಿದ ಕಾಗದಗಳಲ್ಲಿ ಅತ್ಯಂತ ಗ್ರೂಸಮ್ ಸಂಗತಿಗಳಿದ್ದದ್ದು ಅವುಗಳಲ್ಲೇ. ಆದರೆ ಆ ಪದ ಅಲ್ಲಿ ಬಂದದ್ದನ್ನು ನಾನು ಕಂಡಿಲ್ಲ. ಹಾರಿಬಲ್ ಕೂಡ ಇಲ್ಲ. ಗಾಯ ಇಷ್ಟು ಸೆಂಟಿಮೀಟರ್ ಉದ್ದ, ಇಷ್ಟು ಆಳ, ಅಂಚು ನೇರ, ಮೂಳೆಯವರೆಗೆ. ಅಷ್ಟೇ. ಓದುತ್ತಾ ಹೋದಂತೆ ಕೈ ತಣ್ಣಗಾಗುತ್ತಿತ್ತು. ವೈದ್ಯರು ಒಂದು ಗುಣವಾಚಕ ಸೇರಿಸಿದ್ದರೆ ಬಹುಶಃ ಅಷ್ಟು ಆಗುತ್ತಿರಲಿಲ್ಲ. ನಿಮ್ಮ ವರದಿಗಾರರಿಗೆ ಒಂದು ಸಲ ಅಂಥ ವರದಿ ಓದಿಸಿ ನೋಡಿ.

ಇನ್ನೊಂದು ವಿಷಯವನ್ನು ಹೇಳದೆ ಇರಲಾರೆ. ಗ್ರೂಸಮ್ ಆಗಲಿ ಬೀಭತ್ಸ ಆಗಲಿ, ಅದನ್ನು ಕೃತ್ಯಕ್ಕೆ ಅಂಟಿಸಿ, ದೃಶ್ಯಕ್ಕೆ ಅಂಟಿಸಿ. ಸತ್ತವರಿಗೆ ಅಂಟಿಸಬೇಡಿ. ‘ಬೀಭತ್ಸ ಕೊಲೆ’ ಬೇರೆ, ‘ಬೀಭತ್ಸ ಶವ’ ಬೇರೆ. ಆ ಶವ ಯಾರಿಗೋ ಅಮ್ಮ, ಯಾರಿಗೋ ತಮ್ಮ. ಕೋರ್ಟಿನ ಮೊಗಸಾಲೆಯಲ್ಲಿ ಕಾಯುತ್ತಾ ಕೂತ ಮನೆಯವರು ಪತ್ರಿಕೆಯ ಕತ್ತರಿಸಿದ ತುಂಡುಗಳನ್ನು ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಅವನ್ನು ಬಿಚ್ಚಿ ನನಗೆ ತೋರಿಸಿದವರಿದ್ದಾರೆ. ಒಬ್ಬ ಅಣ್ಣ ತಲೆಬರಹದ ಒಂದು ಪದದ ಮೇಲೆ ಪೆನ್ನಿನಿಂದ ಗೀಚಿ ಗೀಚಿ ಕಾಗದವನ್ನೇ ತೂತು ಮಾಡಿದ್ದ. ಯಾವ ಪದ ಇತ್ತು ಎಂದು ನಾನು ಕೇಳಲಿಲ್ಲ.

ಕಡೆಯದಾಗಿ ಅಂಕಣದ ಉದಾಹರಣೆ ವಾಕ್ಯದ ಬಗ್ಗೆ. ‘ದಿ ಪ್ಲೇಯರ್ಸ್ ಹ್ಯಾಡ್ ಎ ಗ್ರೂಸಮ್ ಶೆಡ್ಯೂಲ್’ ಎಂದು ಕೊಟ್ಟಿದ್ದೀರಿ. ಅಲ್ಲಿ ಇರಬೇಕಾದದ್ದು ‘ಗ್ರೂಯಲಿಂಗ್’, ಅಂದರೆ ಸುಸ್ತು ಹೊಡೆಸುವ. ಅದರ ಮೂಲ ಗ್ರೂಯಲ್, ಅಂದರೆ ಗಂಜಿ. ಶಿಕ್ಷೆ ತಿನ್ನುವುದಕ್ಕೆ ಇಂಗ್ಲಿಷಿನಲ್ಲಿ ಹಿಂದೆ ‘ಗಂಜಿ ಸಿಕ್ಕಿತು’ ಅನ್ನುವ ಮಾತು ಇತ್ತು. ಗ್ರೂಸಮ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಆಟಗಾರರು ದಣಿದಿದ್ದರು, ಯಾರ ಮೂಳೆಯೂ ಹೊರಗೆ ಬಂದಿರಲಿಲ್ಲ. ಪರೀಕ್ಷೆಗೆ ಓದುವ ಮಕ್ಕಳು ಈ ಅಂಕಣ ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಮುಂದಿನ ವಾರವೇ ತಿದ್ದುಪಡಿ ಹಾಕಿ.

ಪತ್ರ ಉದ್ದವಾಯಿತು, ಗೊತ್ತು. ಜಾಗ ಸಾಲದಿದ್ದರೆ ಕರಡಿಯ ಪ್ಯಾರಾ ತೆಗೆಯಿರಿ, ಪ್ಯಾರಿಸ್ಸಿನ ಗೋಡೆಯನ್ನೂ ತೆಗೆಯಿರಿ. ಆ ಹೆಂಗಸಿನ ಸಾಕ್ಷಿಯ ಭಾಗವನ್ನು ಮಾತ್ರ ಕತ್ತರಿಸಬೇಡಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಭಾಷಾಂತರಕಾರ